ಮಾವನ ಕಾಲು ಸುತ್ತು

ಶೆಡ್ಡಿನ ಹಿಂದಿನ ಕೋಣೆಯಿಂದ,
ಮಾರ್ಚ್ ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಅಳಿಯನಿಗೆ,

ನಿನ್ನ ಸೊಂಟ ನೋವು ಹೇಗಿದೆ? ಡಿಪೋದಲ್ಲಿ ದಿನವಿಡೀ ಬಗ್ಗಿ ಬಸ್ಸು ತೊಳೆಯುವವನಿಗೆ ಅದು ಎಲ್ಲಿಂದ ವಾಸಿಯಾಗಬೇಕು ಎನ್ನುತ್ತಾಳೆ ನಿನ್ನ ಅತ್ತೆ. ಮಗು ಹೆಜ್ಜೆ ಇಡುತ್ತಿದೆಯೇ? ನಾನಂತೂ ಗಟ್ಟಿಯಾಗಿದ್ದೇನೆ. ಅರವತ್ತೆರಡಾದರೂ ಗೇರ್‌ಬಾಕ್ಸನ್ನು ಎದೆಯ ಮೇಲಿಟ್ಟುಕೊಂಡು ಇಳಿಸಬಲ್ಲೆ. ಈ ಬೀದಿಯಲ್ಲಿ ಅಂಥ ಇನ್ನೊಬ್ಬನನ್ನು ತೋರಿಸು, ಮೀಸೆ ಬೋಳಿಸುತ್ತೇನೆ. ಅಕ್ಕ ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಎದುರು ಸಿಕ್ಕರೆ ನಾನೊಂದು ಕರೆಂಟು ಕಂಬವೇನೋ ಎಂಬಂತೆ ಬಳಸಿಕೊಂಡು ಹೋಗುತ್ತಾಳೆ. ಅವಳ ಮಗನನ್ನು, ಅಂದರೆ ನಿನ್ನನ್ನು, ನಾನೇ ಓಡಿಸಿದೆನಂತೆ.

ಆ ಬ್ರೆಡ್ಡಿನ ವ್ಯಾನನ್ನು ನೀನು ಮರೆತಿರಲಾರೆ. ಆಯಿಲ್ ಸೋರದಂತೆ ನೀನು ಅದಕ್ಕೆ ಹೊಸ ಆಯಿಲ್ ಸೀಲ್ ಹಾಕಿದ್ದು, ವಾರದೊಳಗೆ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯಿಂದ ಆಯಿಲ್ ತೊಟ್ಟಿಕ್ಕಿದ್ದು, ಅದರ ಡ್ರೈವರ್ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಾಡಿದ್ದು. ಅವನೆದುರೇ ನಾನು ಅಂದೆ: "ಕೈಯಲ್ಲಿ ಕಸುಬಿಲ್ಲದವನಿಗೆ ಅಕ್ಕನ ಮಗ ಅಂತ ಸ್ಪ್ಯಾನರ್ ಕೊಟ್ನಲ್ಲ, ನಂದೇ ತಪ್ಪು." ನೀನು ಸ್ಪ್ಯಾನರನ್ನು ಒರೆಸಿ, ಅದರ ಮೊಳೆಗೆ ತೂಗುಹಾಕಿ ಹೋದೆ. ಎಸೆದು ಹೋಗಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ನಿನ್ನನ್ನು ಬೈದುಕೊಂಡು ಹಾಯಾಗಿರುತ್ತಿದ್ದೆ.

ಆಮೇಲೆ ಆ ಸೀಲಿಗಾಗಿ ಮೂರು ಸಲ ಗೇರ್‌ಬಾಕ್ಸ್ ಇಳಿಸಿದೆ. ಮೂರು ಸಲವೂ ಹೊಸ ಸೀಲ್. ಕೊನೆಯದನ್ನಂತೂ ಎಳೆಮಗುವಿಗೆ ಟೋಪಿ ತೊಡಿಸುವಷ್ಟು ಮೆಲ್ಲಗೆ ಕೂರಿಸಿ, ಇನ್ನೊಂದು ಹನಿ ಬಿದ್ದರೆ ನಾಲಿಗೆಯಲ್ಲಿ ನೆಕ್ಕುತ್ತೇನೆ ಎಂದು ಡ್ರೈವರಿಗೆ ಮಾತು ಕೊಟ್ಟೆ. ಹತ್ತನೇ ದಿನ ಅವನು ವ್ಯಾನ್ ತಂದು ನಿಲ್ಲಿಸಿದ. ಅದರ ಕೆಳಗೊಂದು ಬಿಳಿ ತಟ್ಟೆ ಇಟ್ಟು, ಕೈಕಟ್ಟಿ ನಿಂತ.

ಬೇರೆ ದಾರಿ ಕಾಣದೆ ನಿನ್ನ ದಾರಿ ಹಿಡಿದೆ. "ಮೊದಲು ತೊಳೆದು ನೋಡೋಣ ಮಾವ, ಆಮೇಲೆ ಬಿಚ್ಚೋಣ" ಅನ್ನುತ್ತಿದ್ದೆಯಲ್ಲ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಅತ್ತೆಯ ಪೌಡರ್ ಡಬ್ಬಿ ಪೂರ್ತಿ ಅದರ ಮೇಲೆ ಸುರಿದೆ. ಮದುವೆಯಲ್ಲೂ ತನ್ನ ಮುಖಕ್ಕೆ ಇಷ್ಟು ಹಚ್ಚಿರಲಿಲ್ಲ ಎಂದಳು ಅವಳು. ಸ್ವಲ್ಪ ಹೊತ್ತು ಓಡಿಸಿ ಟಾರ್ಚ್ ಹಿಡಿದರೆ ಕೆಳಗೆಲ್ಲ ಒಣ ಪೌಡರು. ಮೇಲುಗಡೆ, ಎಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಒಂದು ಕಪ್ಪು ಗೆರೆ ಹೊರಟು, ಎಂಜಿನ್ನಿನ ಬೆನ್ನಗುಂಟ ಆ ಸಂದಿಯತ್ತ ಇಳಿಯುತ್ತಿತ್ತು. ಆ ಮೂಲೆಯ ಬೋಲ್ಟ್ ಬಿಚ್ಚಿ ವಾಷರ್ ಎತ್ತಿದೆ. ಅದರಡಿ ಕವರಿನಲ್ಲೇ ಕೂದಲೆಳೆಯಷ್ಟು ಬಿರುಕು.

ಆ ಬೋಲ್ಟನ್ನು ಬಿಗಿದವರು ಯಾರೆಂದು ಯೋಚಿಸುತ್ತಾ ಕುಳಿತೆ. ಯೋಚಿಸುವಂಥದ್ದೇನೂ ಇರಲಿಲ್ಲ. ನೀನು ಎಲ್ಲವನ್ನೂ ಅಳತೆಗೆ ಬಿಗಿದಿದ್ದೆ. ಕೆಲಸ ಯಾರೇ ಮುಗಿಸಲಿ, ಗಿರಾಕಿ ನೋಡುತ್ತಿರುವಾಗ ಬೋಲ್ಟಿಗೆ ನನ್ನದೊಂದು ಹೆಚ್ಚಿನ ಕಾಲು ಸುತ್ತು ಬೀಳಲೇಬೇಕಲ್ಲ. ಅಂದೂ "ಇದು ಮಾವನ ಮುದ್ರೆ" ಎಂದು ತಿರುವಿದೆ. "ಸಾಕು ಮಾವ, ಅದು ಅಲ್ಯೂಮಿನಿಯಂ, ಒಡೆಯುತ್ತೆ" ಎಂದೆ ನೀನು. "ನೀನು ಹುಟ್ಟೋಕೆ ಮೊದ್ಲೇ ಈ ಕೈ ಬೋಲ್ಟ್ ಬಿಗೀತಿತ್ತು ಕಣೋ" ಎಂದೆ ನಾನು. ಕಟ್ ಎಂದಿತು. ಅದು ಬಿಗಿಯಾದ ಸದ್ದು ಎಂದು ಡ್ರೈವರಿಗೆ ವಿವರಿಸಿದವನೂ ನಾನೇ.

ಹೊಸ ಕವರ್ ಹಾಕಿ ಇಪ್ಪತ್ತು ದಿನವಾಯಿತು, ತಟ್ಟೆ ಬೆಳ್ಳಗೇ ಇದೆ. ನೀನು ಹಾಕಿದ್ದ ಸೀಲನ್ನು ಗುಜರಿ ರಾಶಿಯಿಂದ ಹುಡುಕಿ ತೆಗೆದೆ. ಒಂದು ಗೀರೂ ಇಲ್ಲ. ಅದನ್ನು ಅಕ್ಕನ ಮನೆ ಜಗಲಿಯ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ ಬಂದೆ. ಅವಳು ಬಾಗಿಲು ಹಾಕಿಕೊಂಡಳು.

ಮಗುವಿಗೆ ಮುತ್ತು. ನಿನಗೆ ಆಶೀರ್ವಾದ, ಬೇಕೆನಿಸಿದರೆ ತಗೋ.

ನಿನ್ನ
ಸೋದರಮಾವ

ತಾ.ಕ.: ಅಕ್ಕನಿಗೂ ಹೇಳದ ಮಾತೊಂದಿದೆ. ನಿನ್ನನ್ನು ಸೇರಿಸಿಕೊಳ್ಳುವ ಮುಂಚೆ ಡಿಪೋದ ಫೋರ್‌ಮನ್ ನನಗೆ ಫೋನ್ ಮಾಡಿ ವಿಚಾರಿಸಿದ್ದ. "ಎಂಜಿನ್ ಮುಟ್ಟಿಸ್ಬೇಡಿ, ತೊಳೆಯೋಕೆ ಹಾಕಿ" ಅಂದವನು ನಾನು. ಈ ಪತ್ರ ತರುವ ಡ್ರೈವರ್ ಕೈಯಲ್ಲೇ ಒಡೆದ ಕವರನ್ನೂ ಕಳಿಸಿದ್ದೇನೆ. ಫೋರ್‌ಮನ್ನಿನ ಮೇಜಿನ ಮೇಲಿಡು. ಬಿರುಕಿನ ಪಕ್ಕದಲ್ಲಿ ಮೊಳೆಯಿಂದ ನನ್ನ ಹೆಸರು ಕೆತ್ತಿದ್ದೇನೆ. ನನ್ನ ನಾಲ್ಕನೇ ಕ್ಲಾಸಿನ ಅಕ್ಷರ ಅವನಿಗೆ ತಿಳಿಯದಿದ್ದರೆ, ಎಲ್ಲರಿಗೂ ಕೇಳುವಂತೆ ನೀನೇ ಓದಿ ಹೇಳು.