ಭಟ್ಟಿಯ ಬೆವರು

ಅಜ್ರೂ,
ಫೆಬ್ರವರಿ ೩, ಮಂಗಳವಾರ

ನನ್ನ ಇಜ್ಜಾ,

ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಒಂಬತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುವ ಹುಚ್ಚಿ ಈ ಊರಲ್ಲಿ ನಾನೊಬ್ಬಳೇ ಇರಬೇಕು. ಎದುರಿಗೆ ಬಂದರೆ ನೀನು ಬೈತೀಯ, ನಾನು ತಿರುಗಿಸಿ ಬೈತೀನಿ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತೆ.

ಮರಾಕೆಶ್‌ನ ಇಪ್ಪತ್ತೊಂದು ಕಿಲೋಮೀಟರ್ ಓಟದಲ್ಲಿ ಹತ್ತರ ತನಕ ನಿನ್ನ ಬೆನ್ನಿಗೇ ಅಂಟಿಕೊಂಡು ಓಡಿದೆ. ಆಮೇಲೆ ನಾವು ಮಾತಾಡಿಕೊಂಡ ಹಾಗೆ ನೀನು ಮುಂದೆ ಹೋದೆ. ಹೋದವಳು ಹೋಗಬೇಕಿತ್ತು ಕಣೇ. ಹದಿಮೂರನೇ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ನಿಂತು ಯಾಕೆ ಹಿಂದೆ ತಿರುಗಿ ನೋಡಿದೆ? ನಾನು ಕುಂಟುತ್ತಾ ಬರೋದು ಕಂಡು ನೀನು ಅಲ್ಲೇ ನಿಂತುಬಿಟ್ಟೆ. ಅಷ್ಟು ಜನರ ಮುಂದೆ, ಹೋಗೇ, ನಿನ್ನನ್ನ ಯಾರು ನಿಂತ್ಕೋ ಅಂದ್ರು ಅಂತ ನಾನು ಕೂಗಾಡಿದೆ. ನೀನು ಬಂದು ನನ್ನ ಮೊಣಕೈ ಹಿಡಿದೆ. ಉಳಿದ ಎಂಟು ಕಿಲೋಮೀಟರ್ ಅರ್ಧ ನಡೆದು, ಅರ್ಧ ಓಡಿ ಮುಗಿಸಿದೆವು. ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷ.

ಎರಡು ಗಂಟೆಯೊಳಗೆ ಮುಗಿಸಿದವಳಿಗೇ ಹೆಣ್ಣುಮಕ್ಕಳ ತಂಡಕ್ಕೆ ಓಟ ಕಲಿಸುವ ಕೆಲಸ ಅಂತ ನಮ್ಮ ಓಟದ ಕ್ಲಬ್ಬಿನ ಮೋಹಾ ಮೇಷ್ಟ್ರು ಮೊದಲೇ ಹೇಳಿದ್ದರು. ನೀನು ಆರು ತಿಂಗಳು ಬೆಳಗಿನ ಜಾವ ಎದ್ದು ಬೆವರು ಸುರಿಸಿದ್ದು ಅದಕ್ಕೇ ಅಂತ ನನಗೆ ಗೊತ್ತಿತ್ತು. ಈಗ ಆ ಕೆಲಸ ಎರಡು ಗಂಟೆಯೊಳಗೆ ಓಡಿ ಮುಗಿಸಿದ ಹಸ್ನಾಳಿಗೆ ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಿನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಮುಖ ತಿರುಗಿಸಿ ಕೂತೆನಲ್ಲ, ಆ ಕೋಪ ನಿನ್ನ ಮೇಲಿನದಲ್ಲ. ನಾಚಿಕೆಗೆ ಕೋಪದ ವೇಷ ಹಾಕಿದ್ದೆ, ಅಷ್ಟೇ.

ಈಗ ನಿಜ ಹೇಳುತ್ತೇನೆ, ಓದಿ ಮುಗಿಸಿ ಆಮೇಲೆ ಹರಿದುಹಾಕು.

ಅಕ್ಟೋಬರಿನಲ್ಲಿ ದೇವದಾರು ಕಾಡಿನ ಇಳಿಜಾರಲ್ಲಿ ಬಿದ್ದೆನಲ್ಲ, ಆಗ ಡಾಕ್ಟರು ಎಂಟು ವಾರ ಓಡಬೇಡ ಅಂದರು ಅಂತ ನಿನಗೆ ಹೇಳಿದ್ದೆ. ಅವರು ಹೇಳಿದ್ದು ಹದಿನಾಲ್ಕು ವಾರ. ಡಿಸೆಂಬರಿನ ಭಾನುವಾರಗಳಲ್ಲಿ ಹನ್ನೆರಡು ಕಿಲೋಮೀಟರ್ ಓಡಿದೆ, ಹದಿನಾರು ಓಡಿದೆ ಅಂತ ನಿನ್ನ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟು ಹೇಳುತ್ತಿದ್ದೆನಲ್ಲ? ಒಂದೂ ಓಡಿಲ್ಲ. ಶೂ ಕಟ್ಟಿಕೊಂಡು ಹೊರಟವಳು ನೆಟ್ಟಗೆ ಹಮ್ಮೂನ ರೊಟ್ಟಿ ಭಟ್ಟಿಗೆ ಹೋಗುತ್ತಿದ್ದೆ. ಬೀದಿಯವರೆಲ್ಲ ರೊಟ್ಟಿ ಸುಡಿಸಿಕೊಳ್ಳಲು ತಂದಿಟ್ಟ ಹಿಟ್ಟಿನ ಹಲಗೆಗಳ ಪಕ್ಕದಲ್ಲಿ, ಬೆಂಕಿಗೆ ಮೊಣಕಾಲು ಕಾಯಿಸುತ್ತಾ ಒಂದೂವರೆ ಗಂಟೆ ಕೂರುತ್ತಿದ್ದೆ. ಸುಮ್ಮನೆ ಕೂರೋದಾದರೆ ಹಲಗೆಯಾದರೂ ಎತ್ತಿಕೊಡು ಅಂತ ಅವನು ಗೊಣಗುತ್ತಿದ್ದ. ಮೈಯೆಲ್ಲ ಬೆವರಾದ ಮೇಲೆ ಎದ್ದು, ನಿನ್ನ ಬೀದಿಯ ತಿರುವಿನಿಂದ ಮಾತ್ರ ಓಡಿ ಬರುತ್ತಿದ್ದೆ. ಈ ಚಳಿಯಲ್ಲೂ ಎಷ್ಟು ಬೆವರಿದ್ದೀಯ ಅಂತ ನೀನು ಟವೆಲ್ ಕೊಡುತ್ತಿದ್ದೆ, ಪಾಪ. ಜನವರಿಯಲ್ಲಿ ಮೂರು ಸಲ ಓಡಿದೆ. ಅದರಲ್ಲಿ ಉದ್ದದ್ದು ಅಂದರೆ ಏಳು ಕಿಲೋಮೀಟರ್.

ಯಾಕೆ ಹೀಗೆ ಮಾಡಿದೆ ಅಂದರೆ, ಹಸ್ನಾಳಿಂದ. ನಾನು ಕಾಲಿಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯಲ್ಲಿ ಕೂತಿದ್ದಾಗ ನೀವಿಬ್ಬರೂ ಹರಟುತ್ತಾ ಓಡಿಹೋಗುತ್ತಿದ್ದಿರಿ. ಹನ್ನೊಂದು ವರ್ಷ ಅದು ನನ್ನ ಜಾಗ ಇಜ್ಜಾ. ಈ ಸಲ ತಪ್ಪಿಸಿಕೊಂಡರೆ ಮತ್ತೆ ಸಿಗಲ್ಲ ಅಂತ ಹೆದರಿದೆ. ಓಟದ ದಿನ ಹದಿನೈದನೇ ಕಿಲೋಮೀಟರಿಗೆ ಮೆಲ್ಲಗೆ ಪಕ್ಕಕ್ಕೆ ಸರಿದು ಆಂಬುಲೆನ್ಸ್ ಹತ್ತಿ, ಇವತ್ತೇ ಕಾಲು ಕೈಕೊಟ್ಟಿತು ಅಂತ ನಿನಗೆ ಹೇಳೋಣ ಅಂದುಕೊಂಡಿದ್ದೆ. ನೀನು ನಿಲ್ಲುತ್ತೀಯ ಅನ್ನೋದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ನಿನ್ನೆ ಮೋಹಾ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈದರೆ ಚೆನ್ನಾಗಿತ್ತು, ಬೈಯಲಿಲ್ಲ. ಹಸ್ನಾಳಿಗೆ ಕೊಟ್ಟ ಮಾತು ತಿರುಗಿಸಿಕೊಳ್ಳೋಕಾಗಲ್ಲ ತೂದಾ, ಶರತ್ಕಾಲಕ್ಕೆ ಇನ್ನೊಂದು ತಂಡ ಶುರುಮಾಡ್ತೀನಿ, ಇಜ್ಜಾ ಏಪ್ರಿಲ್‌ನಲ್ಲಿ ಇಷ್ಟೇ ದೂರದ ಓಟ ಎರಡು ಗಂಟೆಯೊಳಗೆ ಓಡಿ ತೋರಿಸಲಿ ಅಂದರು. ನೀನು ಓಡಲೇಬೇಕು. ಹಸ್ನಾಳ ಜೊತೆ ಅಭ್ಯಾಸ ಮಾಡು, ಅವಳ ಕಾಲು ಚುರುಕು. ಯಾರು ಬಿದ್ದರೂ ನಿಲ್ಲಬೇಡ. ನನ್ನ ಕಾಲು ಚೆನ್ನಾಗಿದೆ, ಅದರ ಯೋಚನೆ ಬಿಡು. ಕ್ಷಮಿಸು ಅಂತ ಬರೆಯೋಕೆ ಇಷ್ಟು ಹೊತ್ತು ಹಿಡಿಯಿತು. ಕ್ಷಮಿಸು.

ನಿನ್ನ ಅದೇ ಸುಳ್ಳಿ,
ತೂದಾ

ಮರೆತಿದ್ದೆ: ಕಾಲು ಚೆನ್ನಾಗಿಲ್ಲ. ಮೊಣಕಾಲು ಊದಿಕೊಂಡಿದೆ, ಮಲಗಿಕೊಂಡೇ ಇದನ್ನು ಬರೆದೆ. ಇನ್ನು ಇಷ್ಟು ದೂರ ಓಡುವ ಮಾತು ಬೇಡ ಅಂತ ಡಾಕ್ಟರು ಹೇಳಿಬಿಟ್ಟರು. ಕನಿಕರಪಟ್ಟು ನೀನು ಬರೋದು ಬೇಡ ಅಂತ ಮುಚ್ಚಿಟ್ಟೆ. ಈಗ ಅನ್ನಿಸುತ್ತಿದೆ, ಕನಿಕರಕ್ಕಾದರೂ ಸರಿ, ಬಾ. ಹಸ್ನಾಳ ಜೊತೆ ಓಡು ಅಂತ ಬರೆದದ್ದು ಮನಸ್ಸಿನಿಂದಲೇ. ಬರೆಯುವಾಗ ಹೊಟ್ಟೆ ಉರಿಯಿತು, ಅದೂ ನಿಜ.