ಅವ್ವ ಕೂರುತ್ತಿದ್ದ ಜಾಗ

ಸುರಪುರ,
ಶನಿವಾರ, ೧೪ ಸೆಪ್ಟೆಂಬರ್ ೨೦೨೪

ತಮ್ಮಾ ಬಾಲರಾಜ,

ಆರಾಮಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಸರಿತಾ, ಕೂಸು ಹೇಗಿದ್ದಾರೆ? ಅವ್ವನ ಕಾಲಿನ ಪ್ಲಾಸ್ಟರ್ ಇನ್ನೂ ಐದು ವಾರ ಇರಬೇಕಂತೆ. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಊರು ಕಾರುಗಳನ್ನು ಎಷ್ಟು ಕಡಿಮೆ ಮಾಡಿತು ಎಂದು ಹೋಲಿಸಿ ನಿಮ್ಮ ಪುಣೆಯ ಆಫೀಸಿನವರು ಹೊರತಂದ ಪುಸ್ತಕ ತಲುಪಿತು. ನಿನ್ನ ಹೆಸರು ನೋಡಿ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಅವ್ವನಿಗೆ ಓದಿ ಹೇಳಿದೆ. ಪ್ಯಾರಿಸ್‌ನವರು ಹೊಳೆದಂಡೆಯ ರಸ್ತೆಯನ್ನು ನಡೆಯುವವರಿಗೆ ಬಿಟ್ಟರಂತೆ, ಬೊಗೋಟಾದಲ್ಲಿ ಭಾನುವಾರ ದೊಡ್ಡ ರಸ್ತೆಗಳಿಗೆ ಕಾರು ಬಿಡುವುದಿಲ್ಲವಂತೆ. ಅವಳು ಕೇಳಿದ್ದು ಒಂದೇ: "ಅಲ್ಲಿ ಪಲ್ಯಾ ಮಾರಾಕಿ ಎಲ್ಲಿ ಕುಂದರ್ತಾಳ?" ಪುಟ ತಿರುವಿ ತಿರುವಿ ಹುಡುಕಿದೆ. ಎಲ್ಲೂ ಇಲ್ಲ.

ದೇವಾಪುರದಿಂದ ಇಲ್ಲಿಗೆ ಬಸ್ಸಿಗೆ ಬಂದು ಅವ್ವ ಹದಿನೆಂಟು ವರ್ಷ ಪುಂಡಿಪಲ್ಯದ ಸೊಪ್ಪು ಮಾರಿದ ಫುಟ್‌ಪಾತಿಗೆ ಈ ಬೇಸಿಗೆಯಲ್ಲಿ ಬಟ್ಟೆ ಅಂಗಡಿಯವನು ಸರಪಳಿ ಕಟ್ಟಿದ, ಗಿರಾಕಿಗಳ ಕಾರು ನಿಲ್ಲಲಿ ಎಂದು. ಅವ್ವ ಬುಟ್ಟಿ ಹೊತ್ತು ರಸ್ತೆಯಲ್ಲೇ ಮಾರತೊಡಗಿದಳು. ಹೋದ ವಾರ ಹಿಂದಕ್ಕೆ ಬಂದ ಕಾರೊಂದು ಅವಳನ್ನು ಕೆಡವಿತು. ಓಡಿಸುತ್ತಿದ್ದವನು ಇಳಿಯಲೂ ಇಲ್ಲ. "ರಸ್ತಾದಾಗ ಯಾಕ ನಿಂತೀಬೇ ಮುದುಕಿ?" ಎಂದನಂತೆ. ಬಳೆ ಮಾರುವ ಮಲ್ಲಾಬಾಯಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದಳು. ನಮ್ಮೂರಿನ ಗತಿಯನ್ನೂ ನಿನ್ನ ಪುಸ್ತಕದಲ್ಲಿ ಬರಿ ಎಂದರೆ ನೀನೇನಂದೆ? "ನಿಮ್ಮ ಊರು ಸಣ್ಣದೈತಿ ಅಕ್ಕಾ, ನಮ್ಮ ಲೆಕ್ಕದಾಗ ಬರಂಗಿಲ್ಲ." ನಿಮ್ಮ ಊರು! ನೀನು ಹುಟ್ಟಿದ್ದೆಲ್ಲಿ, ಪ್ಯಾರಿಸ್‌ನಲ್ಲೇ? ಆ ಪಲ್ಯದ ಬುಟ್ಟಿಯಿಂದಲೇ ಅಲ್ಲವೇ ನೀನು ಇಂಜಿನಿಯರ್ ಆದದ್ದು?

ಸರಪಳಿ ತೆಗೆಸಿ ಎಂದು ನಗರಸಭೆಗೆ ಅರ್ಜಿ ಕೊಟ್ಟೆ, ಯಾರೂ ಬರಲಿಲ್ಲ. ಇವತ್ತು ನಾನೂ ಮಲ್ಲಾಬಾಯಿಯೂ ಸರಪಳಿ ಬಿಚ್ಚಿ ಒಗೆದೆವು. ಏಳು ಮಂದಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತೆವು. ಅಂಗಡಿಯವನು "ಪೊಲೀಸರಿಗೆ ಹೇಳ್ತೀನಿ" ಎಂದು ಕೂಗಾಡಿದ. "ಹೇಳ್ರಿ, ಕರ್ಕೊಂಡೇ ಬರ್ರಿ" ಎಂದೆ. ಸಂಜೆಯವರೆಗೂ ಯಾರೂ ಎಬ್ಬಿಸಲಿಲ್ಲ. ಸೋಮವಾರವೂ ಕೂರುತ್ತೇವೆ.

ಸರಿತಾಗೆ ನನ್ನ ನೆನಪು, ಕೂಸಿಗೆ ಮುತ್ತು. ನಿನಗೂ ಒಳ್ಳೆಯದಾಗಲಿ ಎಂದು ಬರೆಯಬೇಕು, ಅಕ್ಕ ಅಲ್ಲವೇ, ಬರೆದಿದ್ದೇನೆ.

ಭಾರತಿ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಬಾಯಿಬಿಟ್ಟಳು. ಪಂಚಮಿಗೆ ಬಂದಾಗ ಅವಳಿಗೆ ಸೀರೆ ತರಲು ನೀನು ಅದೇ ಅಂಗಡಿಗೆ ಹೋಗಿದ್ದೆಯಲ್ಲ? ಕಾರು ನಿಲ್ಲಿಸಿದ್ದು ಅವಳ ಜಾಗದಲ್ಲೇ. ಅವಳು ಬುಟ್ಟಿ ಹೊತ್ತು ರಸ್ತೆಯ ಆಚೆ ನಿಂತು ನೋಡಿದಳಂತೆ. ನಿನಗೆ ನಾಚಿಕೆಯಾದೀತೆಂದು ಕರೆಯಲಿಲ್ಲವಂತೆ. "ಇದನ್ನ ಅವಂಗ ಬರೀಬ್ಯಾಡ" ಎಂದು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಬರೆದಿದ್ದೇನೆ.