ಎಡಗೆನ್ನೆಯ ಬಣ್ಣ

ಮನೆ, ಮಹಡಿ ಕೋಣೆ
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಆ ಹಾಳು ಬೆನ್ನುನೋವು ಕಡಿಮೆಯಾಯಿತೇ? ಅಳಿಯಂದಿರು ಆರೋಗ್ಯವೇ? ನಿನ್ನಮ್ಮ ಆರಾಮವಾಗಿದ್ದಾಳೆ, ದಿನವಿಡೀ ನನ್ನನ್ನು ಬಯ್ಯುವಷ್ಟು ಉಸಿರಿದೆ ಎಂದಮೇಲೆ ಆರಾಮವಾಗಿಯೇ ಇರಬೇಕು. ನನಗೆ ಮಂಡಿ ಹೋಗಿದೆ, ಕಣ್ಣು ಮಾತ್ರ ಇನ್ನೂ ಚೆನ್ನಾಗಿದೆ.

ಮನೆಯಲ್ಲೇ ಫೋಟೊ ಮುದ್ರಿಸಲು ಒಂದು ಇಂಕ್‌ಜೆಟ್ ಪ್ರಿಂಟರ್ ತರಬೇಕೆಂದು ಹೊರಟಿದ್ದೇನೆ. ನಿನ್ನ ಮದುವೆಯ ಆಲ್ಬಮ್ ಮತ್ತೆ ಮಾಡಬೇಕು. ನಾಲ್ಕು ವರ್ಷದ ಹಿಂದೆ ಅದನ್ನು ಇದೇ ಮೇಜಿನ ಮೇಲೆ ಕುಕ್ಕಿ, “ಇದ್ರಲ್ಲಿರೋಳು ಯಾರೋ ನಂಗೊತ್ತಿಲ್ಲ, ನೀವೇ ಇಟ್ಕೊಳ್ಳಿ” ಎಂದು ಹೋದವಳು ನೀನು ಮತ್ತೆ ಈ ಮನೆಯ ಹೊಸ್ತಿಲು ತುಳಿದಿಲ್ಲ. ಒಂದೊಂದು ಪುಟದಲ್ಲೂ ನಿನ್ನ ಎಡಗೆನ್ನೆಯ ಹುಟ್ಟುಮಚ್ಚೆಯನ್ನು ಅಳಿಸಿದ್ದೆ. ಸ್ಟುಡಿಯೋದಲ್ಲಿ ಕೂತು ಊರವರ ಮುಖ ತಿದ್ದಿ ಹೊಟ್ಟೆ ಹೊರೆದವನು, ಮಗಳನ್ನೂ ಗಿರಾಕಿಯ ಹಾಗೆಯೇ ತಿದ್ದಿಬಿಟ್ಟೆ. ಮೂಲ ಫೋಟೊಗಳು ಹಾಗೆಯೇ ಇವೆ, ಮುಟ್ಟಿಲ್ಲ.

ಸಲಹೆ ಕೊಡಲು ನಿನ್ನ ಸೋದರಮಾವ ಬಂದ. ಕರೆದವರು ಯಾರು ಎಂದು ಕೇಳಬೇಡ. ಅವನ ಮನೆಯಲ್ಲಿರುವ ನಾಲ್ಕು ಬಣ್ಣದ ಶಾಯಿಯ ಪ್ರಿಂಟರ್ ಡಬ್ಬಿ ಮುದ್ರಿಸುತ್ತದಂತೆ, ನಕಲು ತೆಗೆಯುತ್ತದಂತೆ, ಸ್ಕ್ಯಾನ್ ಮಾಡುತ್ತದಂತೆ. ಇನ್ನೊಂದು ಗುಂಡಿ ಒತ್ತಿದರೆ ಬಟ್ಟೆಯನ್ನೂ ಒಗೆಯುತ್ತದೇನೋ. ಅದರಿಂದ ತೆಗೆದ ತನ್ನ ಫೋಟೊ ತೋರಿಸಿ, “ಎಷ್ಟು ಕ್ಲಿಯರ್ ಆಗಿದೆ ನೋಡಿ ಭಾವ!” ಎಂದು ಹಲ್ಲು ಕಿರಿದ. ಹೌದಪ್ಪಾ, ಕಾಮಾಲೆ ಬಹಳ ಕ್ಲಿಯರ್ ಆಗಿ ಕಾಣುತ್ತಿದೆ ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ನಿನ್ನಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಅಂಗಡಿಯವನು ಅವನಿಗಿಂತ ಒಂದು ಕೈ ಮೇಲು. ಕತ್ತಿನಲ್ಲಿ ಟೈ, ತಲೆಯಲ್ಲಿ ಏನೂ ಇಲ್ಲ. ಹೊಳಪಿಲ್ಲದ ಫೋಟೊ ಕಾಗದ ತೋರಿಸಯ್ಯಾ ಎಂದರೆ ಬಿಲ್ ಬರೆಯುವ ಹಾಳೆ ತಂದ! ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದ ನಿನ್ನ ಫೋಟೊವನ್ನು ಮೊದಲ ಯಂತ್ರಕ್ಕೆ ಕೊಟ್ಟೆ. ಹಾಳೆ ಹೊರಬಂತು, ಮಚ್ಚೆ ಮಾಯ. ಯಾರನ್ನೂ ಕೇಳದೆ ಆ ದರಿದ್ರ ಯಂತ್ರ ತಾನಾಗಿಯೇ ಮುಖ ತಿದ್ದುತ್ತದಂತೆ. ಅದನ್ನು ಮೊದಲು ಆಫ್ ಮಾಡು ಎಂದು ಕೂಗಾಡಿದೆ. ಅವನು ಕನಿಕರದಿಂದ ನೋಡಿ, “ಬಿಡಿ ಸಾರ್, ಆ ಮಚ್ಚೆ ಇದ್ರೆ ಚೆನ್ನಾಗಿ ಕಾಣಲ್ಲ” ಎಂದ. ಗುಬ್ಬೀ, ಹತ್ತು ವರ್ಷದವಳಿದ್ದಾಗ ನೀನು ಸ್ಕೂಲ್ ಫೋಟೊ ಹಿಡಿದುಕೊಂಡು ಬಂದು, ಯಾಕಪ್ಪಾ ಅಳಿಸಿದ್ದು ಎಂದು ಕೇಳಿದಾಗ ನಾನು ಹೇಳಿದ್ದೂ ಇದನ್ನೇ. ಆ ಪೆದ್ದನ ಬಾಯಲ್ಲಿ ನನ್ನ ಮಾತು ಕೇಳಿ ಅಸಹ್ಯವಾಯಿತು. ಮುಂದಿನ ಯಂತ್ರ ತೋರಿಸು ಎಂದೆ.

ಕೊನೆಗೆ ಆರು ಶಾಯಿಯದೊಂದು, ಎಂಟು ಶಾಯಿಯದೊಂದು ಉಳಿದವು. ತಿದ್ದುವ ಚಟ ಬಿಡಿಸಿದ ಮೇಲೆ ಎರಡೂ ಮಚ್ಚೆಯ ತಂಟೆಗೆ ಹೋಗಲಿಲ್ಲ. ನಾಲ್ಕು ದಿನ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ಯಂತ್ರದ ಮೂತಿ ಕಟ್ಟಿಕೊಳ್ಳುತ್ತದಂತೆ. ನಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಎರಡರ ಹಾಳೆಯನ್ನೂ ತಂದು ಎದುರಿಗಿಟ್ಟುಕೊಂಡಿದ್ದೇನೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಸೋಮಾರಿತನ ಮಾಡಬೇಡ. ಇಬ್ಬರೂ ತಣ್ಣಗಿರಿ. ನನ್ನ ಮೇಲಿನ ಸಿಟ್ಟು ನಿಮ್ಮ ಊಟ ನಿದ್ದೆಗೆ ಅಡ್ಡ ಬಾರದಿರಲಿ.

ನಿನ್ನ
ಅಪ್ಪ

ತಾ.ಕ.: ಕಣ್ಣು ಚೆನ್ನಾಗಿದೆ ಎಂದು ಮೇಲೆ ಕೊಚ್ಚಿಕೊಂಡೆನಲ್ಲ, ಸುಳ್ಳು. ಒಂದು ಹಾಳೆಯಲ್ಲಿ ಮಚ್ಚೆ ಕಂದು, ಇನ್ನೊಂದರಲ್ಲಿ ಕೆಂಪು. ನಿನ್ನಮ್ಮ ಕೆಂಪು ಎಂದಳು. ನಾನು ಕಂದು ಎಂದೆ. ಇಷ್ಟು ವರ್ಷ ಅಳಿಸಲೆಂದೇ ಅದನ್ನು ನೋಡಿದವನಿಗೆ ಅದರ ಬಣ್ಣ ಗೊತ್ತಿಲ್ಲ ಮಗಳೇ. ಅಂಗಡಿಯವನಿಗೆ ಶನಿವಾರ ಹೇಳುತ್ತೇನೆ ಎಂದಿದ್ದೇನೆ. ಅಷ್ಟರೊಳಗೆ ಒಮ್ಮೆ ಬಂದು, ಕಿಟಕಿಯ ಬೆಳಕಿನಲ್ಲಿ, ಈ ಹಾಳೆಗಳ ಪಕ್ಕ ನಿಂತುಕೊಳ್ಳುತ್ತೀಯಾ?